ಕಾರ್ಲ್ಸ್‌ರೂಹೆಗೆ ಹೋದ ಹತ್ತು ರೂಪಾಯಿ

ಚಾಮರಾಜನಗರ

ನಾನು ಜರ್ಮನಿಗೆ ಹೋದದ್ದು ಬಾಣಂತನ ಮಾಡುವುದಕ್ಕೆ. ಗುಂಡ್ಲುಪೇಟೆಯ ನನ್ನ ಅಕ್ಕನ ಮಗಳು ರೂಪ ಆ ದೇಶದ ಕಾರ್ಲ್ಸ್‌ರೂಹೆ ಎಂಬ ಊರಿನಲ್ಲಿ ನರ್ಸು. ಅಕ್ಕನಿಗೆ ಮಂಡಿನೋವು, ಅಷ್ಟು ಹೊತ್ತು ವಿಮಾನದಲ್ಲಿ ಕಾಲು ಮಡಿಸಿ ಕೂರಲಾರಳು. ಹಾಗಾಗಿ ಕೂಡಿಟ್ಟ ರಜೆಯನ್ನೆಲ್ಲ ಒಟ್ಟಿಗೇ ಹಾಕಿ ನಾನು ಹೊರಟೆ. ನಾನು ಸರ್ಕಾರಿ ಬಸ್ಸಿನ ಕಂಡಕ್ಟರು. ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆ, ಗುಂಡ್ಲುಪೇಟೆಯಿಂದ ಅದೇ ದಾರಿಯಲ್ಲಿ ವಾಪಸ್ಸು. ಇಪ್ಪತ್ತೊಂದು ವರ್ಷದ ಸರ್ವಿಸಿನಲ್ಲಿ ಈ ದಾರಿ ಬಿಟ್ಟು ನಾನು ಕಂಡ ಅತಿ ದೂರದ ಊರು ಧರ್ಮಸ್ಥಳ.

ನನಗೊಂದು ಹುಚ್ಚಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸರ್ಕಾರ ಆಗಾಗ ಯಾರೋ ದೊಡ್ಡವರ ನೆನಪಿಗೆ, ಯಾವುದೋ ಕೆಲಸಕ್ಕೆ ನೂರು ವರ್ಷ ತುಂಬಿದ್ದಕ್ಕೆ, ಎರಡು, ಐದು, ಹತ್ತು ರೂಪಾಯಿ ನಾಣ್ಯಗಳ ಮೇಲೆ ಬೇರೆ ಚಿತ್ರ ಅಚ್ಚು ಹಾಕಿ ಬಿಡುತ್ತದೆ. ಅವೂ ಉಳಿದ ಚಿಲ್ಲರೆಯ ಜೊತೆಗೇ ಕೈಯಿಂದ ಕೈಗೆ ಓಡಾಡುತ್ತವೆ. ಜನ ಮುಖ ನೋಡುವುದಿಲ್ಲ, ಕೊಟ್ಟು ಟಿಕೆಟ್ ತೆಗೆದುಕೊಳ್ಳುತ್ತಾರೆ. ನಾನು ನೋಡುತ್ತೇನೆ. ಹೊಸ ಚಿತ್ರ ಕಂಡರೆ ನನ್ನ ಪರ್ಸಿನಿಂದ ಅಷ್ಟೇ ಹಣ ಬ್ಯಾಗಿಗೆ ಹಾಕಿ ಆ ನಾಣ್ಯವನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತೇನೆ. ಹೀಗೆ ಕಟ್ಟಿಕೊಂಡದ್ದು ಒಂದು ದಪ್ಪ ಆಲ್ಬಂ ಆಗಿದೆ.

ಆ ಆಲ್ಬಮನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡೆ. ಪರದೇಶದಲ್ಲಿ ಯಾರಾದರೂ ತಿಳಿದವರು ನೋಡಿ ಬೆಲೆ ಹೇಳಿಯಾರು ಎಂಬ ಆಸೆ. ಹೊರಡುವ ಮುಂಚಿನ ಭಾನುವಾರ ಎಲ್ಲ ನಾಣ್ಯಗಳನ್ನೂ ತೆಗೆದು, ಹುಣಸೆಹಣ್ಣಿನಲ್ಲಿ ಉಜ್ಜಿ, ಬೂದಿಯಲ್ಲಿ ತಿಕ್ಕಿ, ಹಿತ್ತಾಳೆ ಚೆಂಬಿನ ಹಾಗೆ ಥಳಥಳ ಮಾಡಿದೆ. ನೆಂಟರ ಮನೆಗೆ ಹೋಗುವ ಮಕ್ಕಳಿಗೆ ತಲೆ ಬಾಚುವಂತೆ.

ಹೊರಡುವ ದಿನ ನಮ್ಮ ಬಸ್ಸಿನ ಡ್ರೈವರ್ ಮಾದಪ್ಪ ಡಿಪೋ ಗೇಟಿನ ಹತ್ತಿರ ಕಾದಿದ್ದ. ಉಮ್ಮತ್ತೂರಿನವನು, ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಹನ್ನೆರಡು ವರ್ಷ ಒಂದೇ ಗಾಡಿಯಲ್ಲಿ ದುಡಿದವರು ನಾವು. ಮಡಿಸಿದ ಕರವಸ್ತ್ರವೊಂದನ್ನು ಬಿಚ್ಚಿ ತೋರಿಸಿದ. ಒಳಗೆ ವೈಷ್ಣೋದೇವಿಯ ಚಿತ್ರವಿರುವ ಹತ್ತು ರೂಪಾಯಿ ನಾಣ್ಯ. ದೇವರ ಮನೆಯಲ್ಲಿಟ್ಟು ಪೂಜೆ ಮಾಡಿದ್ದನೆಂದು ಕಾಣುತ್ತದೆ, ಗೆರೆಗೆರೆಗಳಲ್ಲಿ ಕುಂಕುಮ ಕೂತಿತ್ತು. ಇಂಥ ನಾಣ್ಯಕ್ಕೆ ಒಂಬತ್ತು ಲಕ್ಷ ಕೊಡುತ್ತೇವೆಂದು ಯಾವುದೋ ಊರಿನಿಂದ ಫೋನ್ ಬಂದಿದೆಯಂತೆ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ ಅದರ ಕೆಳಗಿದ್ದ ನಂಬರಿಗೆ ಇವನೇ ಮೊದಲು ಮಾತಾಡಿದ್ದು. ನೋಂದಣಿಗೆಂದು ಐದು ಸಾವಿರ ಆಗಲೇ ಕಳಿಸಿದ್ದಾನೆ. ತೆರಿಗೆಗೆಂದು ಇನ್ನೂ ನಲವತ್ತು ಸಾವಿರ ಕೇಳುತ್ತಿದ್ದಾರೆ. ಆ ನಾಣ್ಯ ಅಸಲಿ ಎಂದು ಫಾರಿನ್ನಿನ ತಿಳಿದವರು ಒಂದು ಕಾಗದ ಬರೆದುಕೊಟ್ಟರೆ ಬೆಲೆ ಇನ್ನೂ ಏರುತ್ತದೆಂಬುದು ಅವನ ಲೆಕ್ಕ.

"ಬೆನ್ನು ಓಗ್ಬುಟ್ಟದೆ ಕಣಕ್ಕ," ಅಂದ. "ಈ ದುಡ್ಡು ಬಂದ್ರೆ ಸ್ವಯಂ ನಿವೃತ್ತಿಗೆ ಬರ್ದಾಕ್ಬುಟ್ಟು ಮನೇಲಿರ್ತೀನಿ."

ಅವನ ಬೆನ್ನಿನ ವಿಷಯ ನನಗೆ ಗೊತ್ತು. ಪ್ರತಿ ಟ್ರಿಪ್ಪು ಮುಗಿದ ಮೇಲೆ ಸ್ಟೇರಿಂಗ್ ಹಿಡಿದುಕೊಂಡು ಒಂದು ನಿಮಿಷ ಹಾಗೇ ಕೂತಿದ್ದು ಆಮೇಲೆ ಇಳಿಯುವವನು. ಬೇಡವೆನ್ನಲಾರದೆ ಕರವಸ್ತ್ರ ಸಮೇತ ನಾಣ್ಯ ತೆಗೆದುಕೊಂಡೆ. ಜೊತೆಗೆ, ನಿಜ ಹೇಳಬೇಕೆಂದರೆ, ಒಂಬತ್ತು ಲಕ್ಷದ ಮಾತು ನನಗೂ ಅರ್ಧ ನಿಜವೆನಿಸಿತ್ತು. ಅವನದಕ್ಕೆ ಒಂಬತ್ತಾದರೆ ನನ್ನ ಆಲ್ಬಮಿಗೆ ಎಷ್ಟಾದೀತು ಎಂದು ವಿಮಾನದಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ.

ಬ್ರೆಡ್ಡಿನ ಅಂಗಡಿ

ಕಾರ್ಲ್ಸ್‌ರೂಹೆ ಕಾಡಿನ ಅಂಚಿಗೆ ಅಂಟಿಕೊಂಡ ಊರು. ಊರ ನಡುವೆ ಒಂದು ಅರಮನೆ, ಅಲ್ಲಿಂದ ಬೀಸಣಿಗೆಯ ಕಡ್ಡಿಗಳ ಹಾಗೆ ಬೀದಿಗಳು ಹೊರಡುತ್ತವೆ. ಅರಮನೆಯ ಹಿಂದೆ ನೇರವಾಗಿ ಕಾಡೇ. ಮೊದಲ ಬೆಳಿಗ್ಗೆ ನಮ್ಮ ಗುಂಡ್ಲುಪೇಟೆ ಕಡೆಯ ಮದ್ದೂರು ಅರಣ್ಯ ರೇಂಜಿನ ಚೆಕ್‌ಪೋಸ್ಟಿನಲ್ಲಿ ನಿಂತ ಹಾಗೆ ಆ ಮರಗಳನ್ನು ನೋಡುತ್ತ ನಿಂತೆ. ಆನೆ ಇಲ್ಲ, ಕರಡಿ ಇಲ್ಲ, ಮುದುಕಿಯರು ನಾಯಿ ಹಿಡಿದುಕೊಂಡು ಒಬ್ಬೊಬ್ಬರೇ ಒಳಗೆ ಹೋಗುತ್ತಾರೆ, ಹೋದ ಹಾಗೇ ವಾಪಸ್ಸು ಬರುತ್ತಾರೆ. ನನಗೆ ಅದೇ ಒಂದು ಸೋಜಿಗ.

ರೂಪನ ಮನೆ ಮೂರನೇ ಮಹಡಿ. ಮಗು ಹೆಣ್ಣು, ಹನ್ನೊಂದು ದಿನದ್ದು. ಎಣ್ಣೆ ಹಚ್ಚಿ ಸಾಂಬ್ರಾಣಿ ಹೊಗೆ ಹಾಕೋಣವೆಂದರೆ ಸೂರಿನಲ್ಲಿ ಒಂದು ಬಿಳಿ ಯಂತ್ರ ಇದೆ, ಹೊಗೆ ಕಂಡರೆ ಕೂಗಿಕೊಳ್ಳುತ್ತದೆ ಎಂದು ರೂಪ ತಡೆದಳು. ಬಾಣಂತನ ಎಂದು ಬಂದವಳಿಗೆ ಅರ್ಧ ಕೆಲಸ ಅಲ್ಲೇ ತಪ್ಪಿತು. ಬೆಳಿಗ್ಗೆ ಬ್ರೆಡ್ಡು ತರುವುದನ್ನು ನಾನೇ ಕೇಳಿ ವಹಿಸಿಕೊಂಡೆ.

ಮೂರನೇ ದಿನ ಅಂಗಡಿಯ ಹೆಂಗಸು ನನ್ನ ಅಂಗೈಗೆ ಚಿಲ್ಲರೆ ಹಾಕಿದಳು. ಅದರಲ್ಲಿ ಎರಡು ಯೂರೋ ನಾಣ್ಯ ಒಂದಿತ್ತು. ಅದರ ಮೇಲೆ ಒಂದು ಹಳೆಯ ಮಠದ ಗೋಡೆ, ಕಿಟಕಿ, ಕಂಬ ಕಂಡವು. ಹಿಂದಿನ ದಿನ ಸಿಕ್ಕಿದ್ದರ ಮೇಲೆ ಹದ್ದು ಇತ್ತು. ನಾನು ಅಲ್ಲೇ ನಿಂತು ತಿರುಗಿಸಿ ನೋಡಿದೆ. ಹಿಂದೆ ಐದಾರು ಜನ ಸಾಲು ನಿಂತಿರುವುದು ನನಗೆ ತಿಳಿಯಲಿಲ್ಲ. ಯಾರೂ ತಳ್ಳಲಿಲ್ಲ, ಕೂಗಲಿಲ್ಲ. ತಿರುಗಿ ನೋಡಿದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾಚಿಕೆಯಾಗಿ ನಾಣ್ಯ ತೋರಿಸಿದೆ. ಸಾಲಿನಲ್ಲಿದ್ದ ಒಬ್ಬಳು ತನ್ನ ಪರ್ಸು ತೆಗೆದು ಇನ್ನೊಂದು ಎರಡು ಯೂರೋ ತೋರಿಸಿದಳು. ಅದರಲ್ಲಿ ಚರ್ಚು. ಅವಳ ಹಿಂದಿದ್ದವನ ಜೇಬಿನಲ್ಲಿ ಫಿನ್‌ಲೆಂಡಿನದು ಬಂತು. ಅಂಗಡಿಯ ಹೆಂಗಸು ಕೊನೆಗೆ ತನ್ನ ಗಲ್ಲಾಪೆಟ್ಟಿಗೆಯ ತಟ್ಟೆಯನ್ನೇ ನನ್ನ ಕಡೆಗೆ ತಿರುಗಿಸಿ ಹಿಡಿದಳು.

ಅದರಲ್ಲಿ ಗ್ರೀಸಿನ ಗೂಬೆ ಇತ್ತು, ಐರ್ಲೆಂಡಿನ ತಂತಿವಾದ್ಯ ಇತ್ತು, ಇಟಲಿಯದ್ದಿತ್ತು, ಸ್ಪೇನಿನ ರಾಜನಿದ್ದ. ಇಪ್ಪತ್ತು ದೇಶದ ನಾಣ್ಯಗಳು ಒಂದೇ ತಟ್ಟೆಯಲ್ಲಿ ಕಾಳು ಬೇಳೆ ಬೆರೆತ ಹಾಗೆ ಬೆರೆತಿದ್ದವು. ಯಾವ ದೇಶದ್ದು ಕೊಟ್ಟರೂ ಯಾವ ದೇಶದಲ್ಲೂ ನಡೆಯುತ್ತದೆಯಂತೆ. ನಮ್ಮ ಕಡೆ ಹತ್ತು ರೂಪಾಯಿ ನಾಣ್ಯವನ್ನು ನಮ್ಮೂರಿನ ಅಂಗಡಿಯಲ್ಲೇ ನಡೆಯಲ್ಲ ಎಂದು ವಾಪಸ್ಸು ಕೊಡುತ್ತಾರೆ. ಪ್ಯಾಸೆಂಜರಿಗೂ ನನಗೂ ಎಷ್ಟು ಜಗಳವಾಗಿದೆ ಆ ನಾಣ್ಯದ ಮೇಲೆ. ನನಗೆ ಎದೆ ತುಂಬಿ ಬಂತು. ಬ್ರೆಡ್ಡನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ, ಮತ್ತೆ ಹೋಗಿ ತಂದೆ.

ಕಂಡಕ್ಟರಿಲ್ಲದ ಬಸ್ಸು

ಮಗುವನ್ನು ಡಾಕ್ಟರಿಗೆ ತೋರಿಸಲು ಒಂದು ದಿನ ಬಸ್ಸಿನಲ್ಲಿ ಹೋದೆವು. ಆ ಬಸ್ಸಿನಲ್ಲಿ ಕಂಡಕ್ಟರಿರಲಿಲ್ಲ. ಯಾವ ಬಸ್ಸಿನಲ್ಲೂ ಇಲ್ಲವಂತೆ. ಪಾಸಿಲ್ಲದವರಿಗೆ ಡ್ರೈವರೇ ಟಿಕೆಟ್ ಕೊಡುತ್ತಾನೆ. ಪಕ್ಕದಲ್ಲಿ ಕೊಳವೆಗಳ ಒಂದು ಪೆಟ್ಟಿಗೆ, ಅದರಲ್ಲಿ ನಾಣ್ಯಗಳು ಅಳತೆಗೆ ತಕ್ಕ ಹಾಗೆ ನಿಂತಿರುತ್ತವೆ. ಬೆರಳಿನಿಂದ ಒತ್ತಿದರೆ ಚಿಲ್ಲರೆ ಉದುರುತ್ತದೆ. ನಾನು ನನ್ನ ಕೆಲಸವೇ ಇಲ್ಲದ ಲೋಕಕ್ಕೆ ಬಂದಿದ್ದೆ. ಬೇಸರಕ್ಕಿಂತ ಬೆರಗೇ ಹೆಚ್ಚಾಯಿತು. ಇಷ್ಟು ಜನ ಒಂದು ಮಾತಿಲ್ಲದೆ ಹತ್ತಿ ಇಳಿಯುತ್ತಾರಲ್ಲ.

ರೂಪ ಮಗುವಿನ ಗಾಡಿ ಹತ್ತಿಸಿದಳು, ಬಾಗಿಲು ಮುಚ್ಚಿತು. ನನ್ನ ಕೈ ತನಗೆ ತಾನೇ ಬಸ್ಸಿನ ಗೋಡೆಗೆ ಎರಡು ಸಲ ಬಡಿಯಿತು, ಬಾಯಿ ರೈಟ್ ಅಂದಿತು. ಇಪ್ಪತ್ತೊಂದು ವರ್ಷದ ಅಭ್ಯಾಸ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಯಾರದೋ ಕೈ ಬಾಗಿಲಿಗೆ ಸಿಕ್ಕಿದೆಯೆಂದು ಎದ್ದು ಬಂದ. ರೂಪ ಮುಖ ಕೆಂಪಗೆ ಮಾಡಿಕೊಂಡು ನನ್ನನ್ನು ತೋರಿಸಿ ಏನೋ ವಿವರಿಸಿದಳು. ಅವನು ತಲೆದೂಗಿ ವಾಪಸ್ಸು ಹೋದ.

ಆಗ ಎದುರು ಸೀಟಿನಲ್ಲಿ ಉದ್ದನೆಯ ಮುದುಕರೊಬ್ಬರು ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಗುತ್ತಿದ್ದರು. ರೂಪನ ಮನೆಯ ನೆಲಮಹಡಿಯಲ್ಲೇ ಇರುವವರು. ಫೋಗೆಲ್ ಎಂದು ಹೆಸರು. ನಿವೃತ್ತಿಯಾಗುವ ತನಕ ಇದೇ ಊರಿನ ಬಸ್ ಡ್ರೈವರ್ ಆಗಿದ್ದರಂತೆ. ಅವರು ಕೆಲಸಕ್ಕೆ ಸೇರಿದ ಕಾಲಕ್ಕೆ ಹಳೆಯ ಕಂಡಕ್ಟರು ಒಬ್ಬರು ಇನ್ನೂ ಇದ್ದರು, ಅವರೂ ಹೀಗೇ ಬಡಿಯುತ್ತಿದ್ದರು ಎಂದು ರೂಪನಿಗೆ ಹೇಳಿದರು. ನಾಣ್ಯದ ಹುಚ್ಚು ಅವರಿಗೂ ಇದೆಯೆಂದು ಇಳಿಯುವುದರೊಳಗೆ ತಿಳಿಯಿತು. ಭಾನುವಾರ ಕಾಫಿಗೆ ಕರೆದರು.

ನೆಲಮಹಡಿ

ಫೋಗೆಲ್ ಯಜಮಾನರ ಆಲ್ಬಮುಗಳು ಗೋಡೆಯುದ್ದಕ್ಕೂ ನಿಂತಿದ್ದವು. ಎಲ್ಲ ನಾಣ್ಯವೂ ಬಸ್ಸಿನಲ್ಲಿ ಸಿಕ್ಕಿದ್ದು. ಒಂದನ್ನೂ ದುಡ್ಡು ಕೊಟ್ಟು ಕೊಂಡಿಲ್ಲ. ನನ್ನ ಹಾಗೆಯೇ ಅವರೂ ಸ್ವಂತ ಹಣ ಪೆಟ್ಟಿಗೆಗೆ ಹಾಕಿ ಎತ್ತಿಟ್ಟುಕೊಂಡವರು. ಪ್ರತಿ ನಾಣ್ಯದ ಕೆಳಗೂ ಇರುವೆ ಸಾಲಿನಂಥ ಅಕ್ಷರದಲ್ಲಿ ಬಸ್ಸಿನ ನಂಬರು, ಯಾವ ಸ್ಟಾಪಿನಲ್ಲಿ ಯಾವ ದಿನ ಬಂತು ಎಂದು ಬರೆದಿದ್ದರು. ಮೂವತ್ತನಾಲ್ಕು ವರ್ಷದ ಡ್ಯೂಟಿ ಆ ಗೋಡೆಯ ಮೇಲಿತ್ತು. ನನಗೆ ಕೂರಲಾಗಲಿಲ್ಲ, ನಿಂತೇ ನೋಡಿದೆ.

ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕೆಂದು ಅವರು ತೋರಿಸಿಕೊಟ್ಟರು. ಬೆಲೆ ಕಟ್ಟುವಾಗ ಮೊದಲು ನೋಡುವುದು ಎಷ್ಟು ಅಚ್ಚಾಗಿದೆ ಎಂಬುದನ್ನು. ಅದಕ್ಕೆ ದಪ್ಪನೆಯ ಪುಸ್ತಕವಿದೆ. ಸುಂದರವಾದರೂ ಊರೆಲ್ಲ ಇದ್ದರೆ ಬೆಲೆಯಿಲ್ಲ. ಆಮೇಲೆ ಎಷ್ಟು ಸವೆದಿದೆ ಎಂಬುದು, ಆಮೇಲೆ ಅಚ್ಚಿನಲ್ಲಿ ತಪ್ಪೇನಾದರೂ ಆಗಿದೆಯೇ ಎಂಬುದು. ಅವರ ದೇಶದಲ್ಲಿ ಐದು ಟಂಕಸಾಲೆ, ಪ್ರತಿಯೊಂದಕ್ಕೂ ಒಂದು ಅಕ್ಷರ. ಕಾರ್ಲ್ಸ್‌ರೂಹೆಯದ್ದೇ ಒಂದಿದೆ, ಅದರ ಗುರುತು ಜಿ. ನಮ್ಮಲ್ಲೂ ಗುರುತಿದೆ ಎಂದೆ ನಾನು. ಇಸವಿಯ ಕೆಳಗೆ ವಜ್ರದ ಆಕಾರವಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಅವರಿಗೆ ಇದು ಗೊತ್ತಿರಲಿಲ್ಲ. ಎದ್ದು ಹೋಗಿ ಯಾರೋ ಪ್ರವಾಸಿ ಬಿಟ್ಟುಹೋದ ನಮ್ಮ ಮೂರು ನಾಣ್ಯ ತಂದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನಕ್ಷತ್ರ ಹುಡುಕಿದರು. ಸಿಕ್ಕಾಗ ಮೇಜು ತಟ್ಟಿದರು.

ಆಮೇಲೆ ನನ್ನ ಆಲ್ಬಂ ತೆರೆದೆ. ಮೊದಲ ಪುಟ ನೋಡಿದರು, ಎರಡನೆಯದು ನೋಡಿದರು. ಮುಖ ಇಳಿಯಿತು. ಮೆಲ್ಲಗೆ ರೂಪನಿಗೆ ಏನೋ ಅಂದರು.

"ಚಿಕ್ಕಮ್ಮ," ಅಂದಳು ರೂಪ, "ಇವಕ್ಕೆಲ್ಲ ಸ್ನಾನ ಮಾಡ್ಸಿದ್ದೀರಾ ಅಂತ ಕೇಳ್ತಾವ್ರೆ."

ನಾಣ್ಯವನ್ನು ತೊಳೆಯಬಾರದಂತೆ. ಉಜ್ಜಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಬೀಳುತ್ತವೆ, ಟಂಕಸಾಲೆ ಕೊಟ್ಟ ಹೊಳಪು ಹೋಗುತ್ತದೆ, ಮತ್ತೆ ಬರುವುದಿಲ್ಲ. ಭೂತಗನ್ನಡಿ ನನಗೆ ಕೊಟ್ಟರು. ನೋಡಿದೆ. ಬೂದಿಯ ಗೀರುಗಳು ಉತ್ತ ಹೊಲದ ಸಾಲಿನ ಹಾಗೆ ಕಂಡವು. ಇಪ್ಪತ್ತೊಂದು ವರ್ಷ ಜೋಪಾನ ಮಾಡಿದ್ದನ್ನು ಒಂದು ಭಾನುವಾರದಲ್ಲಿ ನಾನೇ ಕೈಯಾರೆ ಕೆಡಿಸಿದ್ದೆ. ಭೂತಗನ್ನಡಿ ಮೇಜಿನ ಮೇಲಿಟ್ಟೆ. ಅವರು ನನ್ನ ಬಟ್ಟಲಿಗೆ ಇನ್ನಷ್ಟು ಕಾಫಿ ಸುರಿದರು.

ಕೊನೆಗೆ ಮಾದಪ್ಪನ ಕರವಸ್ತ್ರ ಬಿಚ್ಚಿದೆ. ಅದನ್ನು ಅವರು ಹತ್ತು ನಿಮಿಷ ನೋಡಿದರು. ಚಿಕ್ಕ ತಕ್ಕಡಿಯಲ್ಲಿ ತೂಗಿದರು, ಅಂಚು ಹಿಡಿದು ತಿರುಗಿಸಿ ಎರಡೂ ಮುಖ ನೆಟ್ಟಗಿವೆಯೇ ಎಂದು ಪರೀಕ್ಷಿಸಿದರು, ಪುಸ್ತಕದ ಪುಟ ತೆಗೆದರು. ನಾಣ್ಯ ಅಸಲಿ. ಅಚ್ಚಿನಲ್ಲಿ ತಪ್ಪಿಲ್ಲ. ಬೇಕಾದಷ್ಟು ಅಚ್ಚಾಗಿದೆ. ಕೈಯಾಡದ ಹೊಸದಾಗಿದ್ದರೆ ಯಾರಾದರೂ ನಾಲ್ಕು ಕಾಸು ಹೆಚ್ಚು ಕೊಟ್ಟಾರು, ಇದು ಹತ್ತು ರೂಪಾಯಿ. ಒಂಬತ್ತು ಲಕ್ಷದ ಫೋನಿನ ಕಥೆ ಕೇಳಿದ ಮೇಲೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಿಜವಾಗಿ ಕೊಳ್ಳುವವನು ಮಾರುವವನಿಂದ ಮುಂಗಡ ಕೇಳುವುದಿಲ್ಲ ಎಂದರು.

ಮೇಲೇಳುವಾಗ ಕೊನೆಯ ಆಲ್ಬಮಿನಲ್ಲಿ ಒಂದು ಕಿಸೆ ಖಾಲಿ ಇರುವುದು ಕಣ್ಣಿಗೆ ಬಿತ್ತು. ಕೆಳಗೆ ಬಸ್ಸಿನ ನಂಬರು, ಸ್ಟಾಪು, ದಿನ ಎಲ್ಲ ಬರೆದಿತ್ತು. ನಾಣ್ಯ ಇರಲಿಲ್ಲ. ಕೇಳಿದೆ. ಅಲ್ಲಿ ಇರಬೇಕಾದ್ದು ಮೊನಾಕೋ ಎಂಬ ಅಂಗೈಯಗಲದ ರಾಜ್ಯದ ಎರಡು ಯೂರೋ ನಾಣ್ಯ, ಮೇಲೆ ಅವರ ರಾಜವಂಶದ ಹೆಂಗಸೊಬ್ಬರ ಮುಖ. ತೀರ ಕಡಿಮೆ ಅಚ್ಚಾಗಿದ್ದು. ಸಾವಿರಕ್ಕೂ ಮೇಲೆ ಯೂರೋ ಬಾಳುವಂಥದ್ದು. ಒಂದು ದಿನ ಕಾಲೇಜಿನ ಹುಡುಗಿಯೊಬ್ಬಳು ಟಿಕೆಟ್ಟಿಗೆಂದು ಅದನ್ನೇ ಇವರ ಕೈಗೆ ಇಟ್ಟಳು. ನೋಡಿದ ತಕ್ಷಣ ಗೊತ್ತಾಯಿತು. ಇದರ ಬೆಲೆ ಇಷ್ಟು ಎಂದು ಹೇಳಿ, ಅವಳ ಟಿಕೆಟ್ ದುಡ್ಡು ತಾವೇ ಹಾಕಿ, ನಾಣ್ಯ ವಾಪಸ್ಸು ಕೊಟ್ಟರು. ಕೈಯಲ್ಲಿ ಇದ್ದದ್ದು ಅರ್ಧ ನಿಮಿಷ. ಬಂದದ್ದು ನಿಜವಲ್ಲವೇ, ಅದಕ್ಕೇ ಬರೆದಿಟ್ಟೆ ಎಂದರು.

ಆ ಖಾಲಿ ಕಿಸೆಯ ಮುಂದೆ ನಾನು ದೇವರ ಮುಂದೆ ನಿಂತ ಹಾಗೆ ನಿಂತಿದ್ದೆ. ಸೆರಗಿಗೆ ಕಟ್ಟಿಕೊಂಡ ಯಾವ ನಾಣ್ಯದ ವಿಷಯವನ್ನೂ ನಾನು ಕೊಟ್ಟವರಿಗೆ ಹೇಳಿದವಳಲ್ಲ.

ಫೋನು

ಮಾರನೆಯ ದಿನ ಮಾದಪ್ಪನದೇ ಮೆಸೇಜು ಬಂತು. ನಲವತ್ತು ಸಾವಿರ ಒಟ್ಟಾಗಿದೆ, ಹೆಂಡತಿಯ ಸರ ಅಡ ಇಟ್ಟದ್ದಾಯಿತು, ಇವತ್ತೇ ಕಳಿಸಬೇಕಂತೆ, ಕಾಗದ ಏನಾಯಿತು ಎಂದು. ನಾನು ಮೊಬೈಲ್ ಹಿಡಿದುಕೊಂಡು ಮೆಟ್ಟಿಲಿಳಿದು ಫೋಗೆಲ್ ಯಜಮಾನರ ಬಾಗಿಲು ಬಡಿದೆ. ರೂಪ ಮಗುವನ್ನು ಎತ್ತಿಕೊಂಡು ಹಿಂದೆ ಬಂದಳು. ಅಲ್ಲಿ ಬೆಳಿಗ್ಗೆ, ನಮ್ಮಲ್ಲಿ ಮಧ್ಯಾಹ್ನ. ವಿಡಿಯೋದಲ್ಲಿ ಗುಂಡ್ಲುಪೇಟೆ ನಿಲ್ದಾಣದ ವಿಶ್ರಾಂತಿ ಕೋಣೆಯ ಹಸಿರು ಗೋಡೆ ಕಂಡಿತು, ಅದರ ಮುಂದೆ ಮಾದಪ್ಪ.

ನಾಣ್ಯ ತಿಳಿದ ಈ ಯಜಮಾನರು ನೋಡಿದರು, ಹತ್ತೇ ರೂಪಾಯಿಯಂತೆ ಎಂದೆ. ದುಡ್ಡು ಕಳಿಸಬೇಡ ಎಂದೆ.

"ಆವಯ್ಯಂಗೆ ಅದ್ರ ಮ್ಯಾಲೆ ಆಸೆ ಬಂದದೆ ಕಣಕ್ಕ," ಅಂದ. "ಕಮ್ಮಿ ಅಂದ್ಬುಟ್ಟು ತಾನೇ ಒಡ್ಕಳಾಕ್ ನೋಡ್ತಾವ್ನೆ. ನೀನೂ ನಂಬ್ಬುಟ್ಯಾ."

ಪುಸ್ತಕದ ಪುಟ ತೋರಿಸಿದೆ, ತಕ್ಕಡಿ ತೋರಿಸಿದೆ. ಅವನು ಫೋನಿನ ಕಡೆ ನೋಡುತ್ತಲೇ ಇರಲಿಲ್ಲ. ಹನ್ನೆರಡು ವರ್ಷದಲ್ಲಿ ಅವನು ನನ್ನ ಮೇಲೆ ಮುಖ ತಿರುಗಿಸಿದ್ದು ಅದೇ ಮೊದಲು. ಬೇರೆ ದಾರಿ ಕಾಣದೆ ಆ ಖಾಲಿ ಕಿಸೆ ಇರುವ ಪುಟ ತೆರೆದು ಫೋನಿನ ಮುಂದೆ ಹಿಡಿದೆ. ಹುಡುಗಿಯ ಕಥೆ ಹೇಳಿದೆ. ಈ ಯಜಮಾನರೂ ನಿನ್ನ ಹಾಗೇ ಡ್ರೈವರು, ಮೂವತ್ತನಾಲ್ಕು ವರ್ಷ ಓಡಿಸಿದ್ದಾರೆ ಎಂದೆ.

ಮಾದಪ್ಪ ಈ ಕಡೆ ತಿರುಗಿದ.

"ಆ ಉಡ್ಗಿ ಏನಂದ್ಲಂತೆ ಆಗ, ಕೇಳಕ್ಕ."

ರೂಪ ಕೇಳಿದಳು. ಫೋಗೆಲ್ ಯಜಮಾನರು ನೆನಪು ಮಾಡಿಕೊಂಡು ನಿಧಾನವಾಗಿ ಹೇಳಿದರು. ಅಮ್ಮನಿಗೆ ತೋರಿಸಬೇಕು, ಇಳಿಸಿ ಎಂದಳು. ಮನೆ ದಾಟಿ ಬಂದುಬಿಟ್ಟಿತ್ತು, ಮುಂದಿನ ಸ್ಟಾಪು ದೂರ ಇತ್ತು. ನಿಲ್ಲಿಸಿ ಬಾಗಿಲು ತೆಗೆದೆ. ಓಡಿಹೋದಳು ಎಂದರು.

ಇದನ್ನು ಹೇಳಿದ ಮೇಲೆ ರೂಪ ತನ್ನ ಮಾತೂ ಸೇರಿಸಿದಳು. ಈ ದೇಶದಲ್ಲಿ ಸ್ಟಾಪಿಲ್ಲದ ಕಡೆ ಸುಮ್ಮನೆ ಬಾಗಿಲು ತೆಗೆಯುವಂತಿಲ್ಲ. ಯಾರೋ ದೂರು ಬರೆದು, ಯಜಮಾನರಿಗೆ ಆಫೀಸಿನಿಂದ ಕಾಗದ ಬಂದಿತ್ತಂತೆ.

"ಸ್ಟಾಪಿಲ್ದ ಕಡೆ ನಿಲ್ಸುದ್ನಾ?" ಅಂದ ಮಾದಪ್ಪ.

"ನಿಲ್ಸುದ್ರಂತೆ," ಅಂದೆ.

"ಮೆಮೋ ಬಂತಾ?"

"ಬಂತಂತೆ."

ಹಿಂದೆ ಯಾವುದೋ ಬಸ್ಸು ಹಾರ್ನ್ ಹೊಡೆಯುವುದು ಕೇಳಿಸಿತು. ಮಾದಪ್ಪ ಅಂಗೈಯಿಂದ ಮುಖ ಒರೆಸಿಕೊಂಡ.

"ಅಂಗಾದ್ರೆ ಆವಯ್ಯ ಸುಳ್ ಏಳಾಕಿಲ್ಲ ಬುಡಕ್ಕ," ಅಂದ.

ದುಡ್ಡು ಕಳಿಸುವುದಿಲ್ಲ, ಸಂಜೆಯೇ ಸರ ಬಿಡಿಸಿಕೊಂಡು ಬರುತ್ತೇನೆ ಎಂದು ತಾನೇ ಹೇಳಿದ. ಹೋದ ಐದು ಸಾವಿರದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿವೃತ್ತಿಯ ಮಾತನ್ನೂ. ಫೋಗೆಲ್ ಯಜಮಾನರು ರೂಪನಿಂದ ಬೆನ್ನಿನ ಸಂಗತಿ ಕೇಳಿ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು. ತಮಗೂ ಅದೇ ಜಾಗದಲ್ಲಿ ನೋವಿತ್ತೆಂದು ತಿರುಗಿ ನಿಂತು ಬೆನ್ನು ಮುಟ್ಟಿ ತೋರಿಸಿದರು. ಸೀಟನ್ನು ಎಷ್ಟು ಮುಂದೆ ಎಳೆದುಕೊಳ್ಳಬೇಕು, ಸೊಂಟಕ್ಕೆ ಟವೆಲ್ಲನ್ನು ಹೇಗೆ ಸುತ್ತಿ ಇಟ್ಟುಕೊಳ್ಳಬೇಕು ಎಂದು ಊಟದ ಕುರ್ಚಿಯ ಮೇಲೆ ಕೂತು ಮಾಡಿ ತೋರಿಸಿದರು. ನಮ್ಮ ಗಾಡಿಯ ಸೀಟು ಮುಂದೆ ಬರುವುದಿಲ್ಲ, ತುಕ್ಕು ಹಿಡಿದಿದೆ ಎಂದ ಮಾದಪ್ಪ. ಹೀಗೆ ಅರ್ಧ ಗಂಟೆ. ರೂಪ ಕ್ಲಚ್ಚಿಗೂ ಗೇರಿಗೂ ಅಲ್ಲಿನ ಭಾಷೆಯಲ್ಲಿ ಮಾತು ಸಿಗದೆ ಒದ್ದಾಡಿದಳು. ಆಮೇಲೆ ಅವಳ ಸಹಾಯವೇ ಬೇಕಾಗಲಿಲ್ಲ. ಒಬ್ಬರು ಕಾಲು ಒತ್ತಿ ತೋರಿಸಿದರೆ ಇನ್ನೊಬ್ಬರು ತಲೆದೂಗುತ್ತಿದ್ದರು.

ಕೊನೆಗೆ ಮಾದಪ್ಪ ಆ ನಾಣ್ಯ ಅವರೇ ಇಟ್ಟುಕೊಳ್ಳಲಿ ಎಂದ. ಆ ಖಾಲಿ ಜಾಗಕ್ಕೆ ಹಾಕಿಕೊಳ್ಳಲಿ, ದೇವಿ ಚಿತ್ರ ಇದೆ, ಒಳ್ಳೆಯದಾಗುತ್ತದೆ ಎಂದ. ರೂಪ ಹೇಳಿದಾಗ ಯಜಮಾನರು ಆ ಕಿಸೆ ಬೇಡವೆಂದು ಕೈಯಾಡಿಸಿದರು. ಅದು ಆ ಹುಡುಗಿಯದ್ದು. ಕಪಾಟಿನಿಂದ ಹೊಸ ಹಾಳೆಯೊಂದನ್ನು ತೆಗೆದು ಆಲ್ಬಮಿಗೆ ಸೇರಿಸಿದರು. ನಾಣ್ಯವನ್ನು ಅಂಚು ಹಿಡಿದು, ಕುಂಕುಮ ಇದ್ದ ಹಾಗೇ, ಮೊದಲ ಕಿಸೆಗೆ ಇಳಿಸಿದರು. ಅವರ ಬಸ್ಸಿನಲ್ಲಿ ಸಿಕ್ಕದೆ ಆಲ್ಬಂ ಸೇರಿದ ಮೊದಲ ನಾಣ್ಯ ಅದು. ಪೆನ್ನು ತೆಗೆದು ಬಸ್ಸಿನ ನಂಬರು ಕೇಳಿದರು. ನಮ್ಮ ಬಸ್ಸಿಗೆ ಅಂಥ ನಂಬರಿಲ್ಲ, ಬೋರ್ಡಿದೆ ಎಂದೆ. ಹಾಗಾದರೆ ಬೋರ್ಡಿನಲ್ಲಿ ಇರುವುದನ್ನೇ, ನಿಮ್ಮ ಅಕ್ಷರದಲ್ಲೇ ಬರೆಯಿರಿ ಎಂದು ಪೆನ್ನನ್ನು ನನ್ನ ಕೈಗೆ ಕೊಟ್ಟರು.

ಮೂವತ್ತನಾಲ್ಕು ವರ್ಷದ ಆ ಪುಟಗಳಲ್ಲಿ ಅವರ ಅಕ್ಷರ ಬಿಟ್ಟು ಬೇರೆಯವರದು ಒಂದೂ ಇರಲಿಲ್ಲ. ಚಾಮರಾಜನಗರ, ತೆರಕಣಾಂಬಿ, ಗುಂಡ್ಲುಪೇಟೆ ಎಂದು ಗುಂಡಗೆ ಬರೆದೆ. ಕೆಳಗೆ, ಡ್ರೈವರ್ ಮಾದಪ್ಪ.

ಫೋಗೆಲ್ ಯಜಮಾನರು ಆ ಹೆಸರುಗಳನ್ನು ಓದಿ ಹೇಳಿಸಿಕೊಂಡು ತಾವೂ ಹೇಳಲು ನೋಡಿದರು. ಮಾದಪ್ಪ ಎಂಬುದು ಒಂದೇ ಸಲಕ್ಕೆ ಬಂತು. ತೆರಕಣಾಂಬಿಯಲ್ಲಿ ನಾಲಿಗೆ ಸಿಕ್ಕಿಕೊಂಡಿತು. ಗುಂಡ್ಲುಪೇಟೆಯ ಆ ಹಸಿರು ಗೋಡೆಯ ಮುಂದಿನಿಂದ ಮಾದಪ್ಪ, ನಿದ್ದೆ ಹೋದ ಪ್ಯಾಸೆಂಜರಿಗೆ ಊರು ಬಂತೆಂದು ಹೇಳುವ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿಕೊಟ್ಟ. ಯಜಮಾನರು ಅವನ ಹಿಂದೆ ಹೇಳಿದರು. ಮತ್ತೆ ಹೇಳಿದರು. ಮೂರನೆಯ ಸಲ ಸರಿಯಾಗಿ ಬಂತು.

"ಟೈಮಾಯ್ತು ಕಣಕ್ಕ," ಅಂದ ಮಾದಪ್ಪ. "ಗಾಡಿ ತಗೀತೀನಿ."